ಬಂಕಮ್: ಒಂದು ಸೀಮೆಯ ಹೆಸರು ಬೊಗಳೆಯಾದ ಕತೆ

(ಯುವಜನರ ಸಭೆಯಲ್ಲಿ ಮಾಡಿದ ಭಾಷಣ)



ಇಂಗ್ಲಿಷಿನಲ್ಲಿ 'ಬಂಕಮ್' ಎಂಬ ಮಾತಿದೆ. ಹುರುಳಿಲ್ಲದ ಬೊಗಳೆ ಎಂದರ್ಥ. ನಿಮ್ಮ ಬಾಯಲ್ಲಿ ಹೇಳುವುದಾದರೆ ಬುರುಡೆ, ಓಳು. ಈ ಪದ ಹುಟ್ಟಿದ್ದು ಯಾವ ಪಂಡಿತನ ಮನೆಯಲ್ಲೂ ಅಲ್ಲ, ಅಮೆರಿಕದ ಸಂಸತ್ತಿನಲ್ಲಿ!

1820ರ ಫೆಬ್ರವರಿ. ಹೊಸದಾಗಿ ಸೇರಲಿರುವ ಮಿಸೌರಿ ರಾಜ್ಯದಲ್ಲಿ ಗುಲಾಮಗಿರಿ ಇರಬೇಕೇ, ಬೇಡವೇ? ಸಾವಿರಾರು ಜನರ ಬಾಳು ಆ ಮತದ ಮೇಲೆ ನಿಂತಿತ್ತು. ಚರ್ಚೆ ಕೇಳಿ ದಣಿದ ಸದಸ್ಯರು 'ಮತಕ್ಕೆ ಹಾಕಿ' ಎಂದು ಕೂಗುತ್ತಿದ್ದರು. ಆಗ ಎದ್ದವನು ಫೀಲಿಕ್ಸ್ ವಾಕರ್. ಉತ್ತರ ಕ್ಯಾರೊಲಿನಾದ ಬಂಕಮ್ ಕೌಂಟಿಯವರ ಪ್ರತಿನಿಧಿ. ಕೂತುಕೋ ಎಂದರೂ ಕೂರಲಿಲ್ಲ. ನಾನು ಮಾತಾಡುವುದು ನಿಮಗಲ್ಲ, ಬಂಕಮ್‌ಗೆ ಎಂದನಂತೆ!

ಅಂದರೇನು? ವಿಷಯ ಏನಾದರೂ ಆಗಲಿ, 'ನಮ್ಮವನು ಮಾತಾಡಿದ' ಎಂದು ಊರಿನವರಿಗೆ ಗೊತ್ತಾದರೆ ಸಾಕು. ಅಂದಿನಿಂದ ಪೊಳ್ಳು ಭಾಷಣಕ್ಕೆಲ್ಲ 'ಬಂಕಮ್' ಎಂದೇ ಹೆಸರಾಯಿತು. ಅದು ಸವೆದು 'ಬಂಕ್' ಆಯಿತು. 1923ರಲ್ಲಿ ವಿಲಿಯಂ ವುಡ್‌ವರ್ಡ್ ತನ್ನ ಕಾದಂಬರಿಯಲ್ಲಿ, ಬೊಗಳೆಯನ್ನು ಬಯಲಿಗೆಳೆಯುವುದಕ್ಕೆ 'ಡಿಬಂಕ್' ಎಂಬ ಪದ ಕಟ್ಟಿದ.

ಇನ್ನೊಂದು ಕೇಳಿ. ಆ ಕೌಂಟಿಗೆ ಇಟ್ಟಿದ್ದು ಎಡ್ವರ್ಡ್ ಬಂಕಮ್‌ನ ಹೆಸರು. ಅಮೆರಿಕದ ಸ್ವಾತಂತ್ರ್ಯಕ್ಕಾಗಿ ಹೋರಾಡಿ, ಬ್ರಿಟಿಷರಿಗೆ ಸೆರೆಸಿಕ್ಕಿ, 1778ರಲ್ಲಿ ಸತ್ತ ಸೇನಾನಿ ಆತ. ಅಂಥವನ ಹೆಸರು ಇಂದು ಓಳಿಗೆ ಇನ್ನೊಂದು ಹೆಸರು!

ಪ್ರತಿನಿಧಿ ಬೊಗಳೆ ಬಿಟ್ಟರೆ ಕೆಡುವುದು ಅವನ ಹೆಸರಲ್ಲ, ಕಳಿಸಿದವರ ಹೆಸರು. ವಾಕರನನ್ನು ಇಂದು ಯಾರು ಬಲ್ಲರು? ನಿಮ್ಮ ಹೆಸರು ಹೇಳಿ ಯಾರಾದರೂ ಮಾತಿಗೆ ಎದ್ದರೆ, ಚಪ್ಪಾಳೆ ತಟ್ಟುವ ಮುಂಚೆ ಕೇಳಿ: ಇದು ವಿಷಯಕ್ಕೋ, ಬಂಕಮ್‌ಗೋ?