ಮದ್ಯವ್ಯಸನವೂ ಮನಸ್ಸಿನ ಮರೆಯೂ

(ಶ್ರೀಮಠದ ಮಹೋತ್ಸವದ ಮೂರನೆಯ ದಿವಸದ ಸಭೆಯಲ್ಲಿ ಮಾಡಿದ ಭಾಷಣ)

 

ಇಂಥ ಮಹೋತ್ಸವದಲ್ಲಿ ಮಾತಾಡುವವರು ಪಂಡಿತರಾಗಿರಬೇಕು, ಇಲ್ಲವೆ ಶ್ರೀಮಠದ ಸೇವೆಯಲ್ಲಿ ತಲೆ ನರೆತವರಾಗಿರಬೇಕು. ನಾನು ಎರಡೂ ಅಲ್ಲ. ಮೂವತ್ತನಾಲ್ಕು ವರುಷ ಮಕ್ಕಳಿಗೆ ಅಕ್ಷರ ಕಲಿಸಿ ನಿವೃತ್ತನಾದ ಶಾಲಾಮಾಸ್ತರನು. ಅದರಲ್ಲಿ ಹದಿನಾರು ವರುಷ ಕುಡಿದವನು. ಈ ಎರಡನೆಯ ಸಂಗತಿಯನ್ನು ನಿಮ್ಮಲ್ಲಿ ಹಲವರು ಬಲ್ಲಿರಿ. ಬಲ್ಲೆವೆಂದು ನನ್ನೆದುರಿಗೆ ತೋರಗೊಡದೆ ಇದ್ದಿರಿ. ಅದನ್ನು ನಾನೇ ಇಲ್ಲಿ ನಿಂತು ಹೇಳಬೇಕೆಂದು ಸನ್ನಿಧಿಯವರ ಅಪ್ಪಣೆಯಾಗಿದೆ.

ಮದ್ಯಪಾನದ ಕೆಡುಕನ್ನು ಕುರಿತು ಉಪನ್ಯಾಸಗಳು ಬೇಕಾದಷ್ಟು ಆಗಿವೆ. ನಾನೇ ಶಾಲೆಯಲ್ಲಿ ಎಷ್ಟೋ ಸಾರೆ ಮಾಡಿದ್ದೇನೆ, ಅದೂ ಕುಡಿಯುತ್ತಿದ್ದ ಕಾಲದಲ್ಲಿಯೇ! ಯಕೃತ್ತು ಕೆಡುವದು, ಮನೆ ಹಾಳಾಗುವದು, ಮಾನ ಹೋಗುವದು, ಎಲ್ಲವೂ ನನಗೆ ಬಾಯಿಪಾಠವಾಗಿತ್ತು. ಆದಕಾರಣ ತಿಳಿವಳಿಕೆಯಿಲ್ಲದೆ ಮನುಷ್ಯನು ಕುಡಿಯುತ್ತಾನೆಂಬ ಮಾತನ್ನು ನಾನು ಒಪ್ಪಲಾರೆ. ತಾನು ಕುಡಿತದ ಕೈಗೆ ಸಿಕ್ಕಿದ್ದೇನೆಂಬದು ಕುಡಿಯುವವನಿಗೇ ಏಕೆ ಕಾಣುವದಿಲ್ಲ, ಕಂಡ ಬಳಿಕ ಅವನು ಯಾರ ಬಳಿಗೆ ಹೋಗಬೇಕು, ಇದಿಷ್ಟನ್ನೇ ಅರಿಕೆಮಾಡುವೆನು.

ನಮ್ಮ ಮಾತಿನ ರೂಢಿಯನ್ನೇ ನೋಡಿರಿ. ಕೂಲಿಯವನು ‘ಕುಡಿಯುತ್ತಾನೆ’, ಮಾಸ್ತರರು ‘ಸ್ವಲ್ಪ ತಗೊಳ್ಳುತ್ತಾರೆ’. ಸರಕಾರದವರು ೨೦೦೭ನೆಯ ಜುಲೈ ೧ರಿಂದ ಕರ್ನಾಟಕದಲ್ಲಿ ಸಾರಾಯಿಯನ್ನು ನಿಷೇಧಿಸಿದಾಗ ನಾನು ಸಂತೋಷದಿಂದ ಶಾಲೆಯ ಮಕ್ಕಳಿಗೆ ಪೇಢೆ ಹಂಚಿದೆನು. ನಾನು ಸಾರಾಯಿ ಕುಡಿಯುವವನಾಗಿರಲಿಲ್ಲವಷ್ಟೆ. ಜನರು ಕ್ವಾರ್ಟರ್ ಎಂದು ಕರೆಯುವ ಸೀಸೆಯವನು. ಅಂದು ಸಂಜೆಯೂ ಒಂದು ಸೀಸೆ ಮುಗಿಸಿದೆನು. ಎರಡಕ್ಕೂ ಸಂಬಂಧವಿದೆಯೆಂದು ಮನಸ್ಸಿಗೆ ಹೊಳೆಯಲೇ ಇಲ್ಲ.

ಇನ್ನು ಶ್ರಾವಣಮಾಸ. ಆ ತಿಂಗಳು ಪೂರ್ತಿ ನಾನು ಮುಟ್ಟುತ್ತಿರಲಿಲ್ಲ. ‘ಬೇಕೆಂದಾಗ ಬಿಡಬಲ್ಲೆನು, ನೋಡಿರಿ ಬೇಕಾದರೆ’ ಎಂದು ಹೇಳಿಕೊಳ್ಳಲು ಇದಕ್ಕಿಂತ ದೊಡ್ಡ ಆಧಾರವೇನು ಬೇಕು? ಆದರೆ ಆ ಮೂವತ್ತು ದಿವಸಗಳನ್ನು ಹ್ಯಾಗೆ ಎಣಿಸುತ್ತಿದ್ದೆನೆಂಬದು ನನಗೊಬ್ಬನಿಗೇ ಗೊತ್ತು. ಅಮವಾಸ್ಯೆ ಕಳೆದ ಮರುದಿವಸ ಶಾಲೆಯ ಗಂಟೆ ಬಾರಿಸುವ ಮೊದಲೇ ನನ್ನ ಕಾಲು ತಾಲೂಕಿನ ಊರಿನ ಬಸ್ಸಿಗೆ ಹೊರಡುತ್ತಿದ್ದವು. ಬಿಡುವ ಶಕ್ತಿಯಿದ್ದವನು ದಿನ ಎಣಿಸುವದಿಲ್ಲ ಎಂಬ ವಿಚಾರ ಒಮ್ಮೆಯೂ ಬರಲಿಲ್ಲ.

ಹಿರಿಯ ಮಗಳ ನಿಶ್ಚಯದ ದಿವಸ ಹೂವು ಹಣ್ಣು ತರಲು ಹೋದವನು ಬೀಗರು ಬಂದು ಕುಳಿತ ಮೂರು ಗಂಟೆಯ ಮೇಲೆ ಮನೆಗೆ ಬಂದೆನು. ಬಾಯಲ್ಲಿ ಏಲಕ್ಕಿ ಇತ್ತು, ಅದರಿಂದೇನೂ ಮುಚ್ಚಿರಲಿಲ್ಲ. ಬೀಗರ ಹಿರಿಯರು ಒಂದು ಮಾತೂ ಆಡದೆ ಎದ್ದು ಹೋದರು. ದಾರಿಯಲ್ಲಿ ಬಸ್ಸು ಕೆಟ್ಟಿತ್ತೆಂದು ನಾನು ಹೇಳಿದೆನು. ಬಂಧುಗಳೇ, ಬಸ್ಸು ನಿಜವಾಗಿಯೂ ಕೆಟ್ಟಿತ್ತು! ಅದು ಕೆಟ್ಟು ನಿಂತಲ್ಲಿ ಮದ್ಯದಂಗಡಿಯೂ ಇತ್ತು. ಆ ಒಂದು ನಿಜವನ್ನು ಹಿಡಿದುಕೊಂಡು ನಾನು ಎಂಟು ವರುಷ ಬಾಳಿದೆನು. ಮಗಳ ಸಂಬಂಧ ತಪ್ಪಿದ್ದು ಬಸ್ಸಿನಿಂದ ಎಂದು ಜನರಿಗೆ ಹೇಳಿದೆನು. ಕೊನೆಗೆ ನಾನೂ ನಂಬಿದೆನು. ಪೂರಾ ಸುಳ್ಳನ್ನು ಮನಸ್ಸು ಬೇಗ ಕೈಬಿಡುತ್ತದೆ. ಅರ್ಧ ನಿಜವಿದ್ದರೆ ಬಿಡುವದಿಲ್ಲ.

ಈ ಮರೆಯನ್ನು ಸರಿಸಿ ನೋಡಲು ವೈದ್ಯರು ನಾಲ್ಕು ಪ್ರಶ್ನೆಗಳನ್ನಿಟ್ಟುಕೊಂಡಿದ್ದಾರೆ. ಜಾನ್ ಈವಿಂಗ್ ಎಂಬ ಅಮೇರಿಕೆಯ ವೈದ್ಯರು ಅವನ್ನು ೧೯೮೪ರಲ್ಲಿ ವೈದ್ಯಪತ್ರಿಕೆಯಲ್ಲಿ ವಿವರಿಸಿದರು. ಕುಡಿತವನ್ನು ಕಡಿಮೆ ಮಾಡಬೇಕೆಂದು ನಿಮಗೆ ಎಂದಾದರೂ ಅನಿಸಿದೆಯೆ? ಕುಡಿತದ ಬಗ್ಗೆ ಯಾರಾದರೂ ಆಡಿದರೆ ಸಿಟ್ಟು ಬಂದಿದೆಯೆ? ಕುಡಿದುದಕ್ಕಾಗಿ ತಪ್ಪಿತಸ್ಥನೆಂಬ ಅಳುಕು ಹುಟ್ಟಿದೆಯೆ? ಬೆಳಗಿನಲ್ಲಿ ಏಳುತ್ತಲೇ ಕೈನಡುಕ ನಿಲ್ಲಲು ಕುಡಿದದ್ದುಂಟೆ? ಎರಡಕ್ಕೆ ಹೌದೆಂಬ ಉತ್ತರ ಬಂದರೂ ಕೂಡಲೆ ವೈದ್ಯರಿಗೆ ತೋರಿಸಬೇಕು. ನನ್ನವು ನಾಲ್ಕೂ ಹೌದು. ಎಷ್ಟು ಕುಡಿಯುತ್ತೀರೆಂದು ಇಲ್ಲಿ ಎಲ್ಲಿಯೂ ಕೇಳಿಲ್ಲವೆಂಬದನ್ನು ಗಮನಿಸಿರಿ. ಅಳತೆಯ ಲೆಕ್ಕದಲ್ಲಿ ನಾವೆಲ್ಲರೂ ಜಾಣರು.

ತಾಯಂದಿರಿಗೆ ಒಂದು ಮಾತು. ನನ್ನ ಮನೆಯವರು ಎಷ್ಟೋ ಸೋಮವಾರ ಶಾಲೆಗೆ ಹೇಳಿಕಳಿಸುತ್ತಿದ್ದರು: ‘ಅವರಿಗೆ ಜ್ವರ ಬಂದಾವ್ರಿ.’ ಮಾನ ಉಳಿಸಲೆಂದು ಆಡಿದ ಮಾತು ಅದು. ಅವರಲ್ಲಿ ನಾನು ತಪ್ಪೆಣಿಸುವದಿಲ್ಲ. ಆದರೆ ಆ ಜ್ವರದ ನೆರಳಿನಲ್ಲಿ ನನಗೆ ಇನ್ನೂ ನಾಲ್ಕು ವರುಷ ಕುಡಿಯಲು ಅನುಕೂಲವಾಯಿತು. ಅನ್ನದಲ್ಲಿ ಗೊತ್ತಾಗದಂತೆ ಬೆರೆಸಿ ಕುಡಿತ ಬಿಡಿಸುವ ಪುಡಿಗಳನ್ನು ದಯವಿಟ್ಟು ತರಬೇಡಿರಿ. ಮದ್ಯದೊಡನೆ ಕೂಡಿದರೆ ಜೀವಕ್ಕೆ ಅಪಾಯ ತರುವ ಔಷಧ ಅದರಲ್ಲಿರಬಹುದು.

ಚಿತ್ತರಗಿ-ಇಳಕಲ್ಲಿನ ಲಿಂಗೈಕ್ಯ ಮಹಾಂತ ಸ್ವಾಮಿಗಳು ೧೯೭೫ರಲ್ಲಿ ಜೋಳಿಗೆ ಹಿಡಿದು ಹೊರಟು, ಕಾಳುಕಡಿಗೆ ಬದಲಾಗಿ ಜನರ ದುಶ್ಚಟಗಳನ್ನು ಭಿಕ್ಷೆ ಬೇಡಿದ ಸಂಗತಿ ನಿಮಗೆಲ್ಲರಿಗೂ ಗೊತ್ತು. ಅವರ ಜನ್ಮದಿನವಾದ ಆಗಸ್ಟ್ ೧ನ್ನು ನಾಡಿನಲ್ಲಿ ವ್ಯಸನಮುಕ್ತ ದಿನವೆಂದು ಆಚರಿಸುತ್ತಾರೆ. ಅದೇ ಮಾದರಿಯಲ್ಲಿ ನಮ್ಮ ಶ್ರೀಮಠದಲ್ಲಿ ಜೋಳಿಗೆ ಹಿಡಿದಾಗ ನಾನೂ ನನ್ನ ಚಟವನ್ನು ಅದರಲ್ಲಿ ಹಾಕಿದೆನು. ಕಣ್ಣೀರು ಬಂದದ್ದು ಸುಳ್ಳಲ್ಲ. ಐದು ತಿಂಗಳು ನಡೆಯಿತು, ಆಮೇಲೆ ಮುರಿಯಿತು. ಮುರಿದ ದಿವಸದಿಂದ ಎರಡು ವರುಷ ನಾನು ಈ ಹೊಸ್ತಿಲು ತುಳಿಯಲಿಲ್ಲ. ಜಾತ್ರೆಯ ತೇರು ಬೀದಿಗೆ ಬಂದರೆ ಹಿತ್ತಲ ಓಣಿಯಿಂದ ಹೋಗುತ್ತಿದ್ದೆನು. ಎಷ್ಟೋ ಜನರು ಆ ಜೋಳಿಗೆಯಿಂದಲೇ ಉಳಿದಿದ್ದಾರೆ, ಅದರಲ್ಲಿ ದೋಷವಿರಲಿಲ್ಲ. ಸಾವಿರ ಜನರೆದುರಿಗೆ ಆಣೆಯಿಟ್ಟ ನಾನು ಮರುದಿವಸದಿಂದ ಒಬ್ಬನೇ ಇದ್ದೆನು. ಇವತ್ತು ಕಷ್ಟವಾಗುತ್ತಿದೆಯೆಂದು ಹೇಳಿಕೊಳ್ಳಲು ನನಗೆ ಯಾರೂ ಇರಲಿಲ್ಲ. ಹೇಳಿಕೊಂಡರೆ ಆಣೆಗೆ ಕುಂದೆಂದು ತಿಳಿದಿದ್ದೆನು.

ಆಮೇಲೆ ಒಬ್ಬ ವೈದ್ಯರ ಮಾತಿನಂತೆ ಹುಬ್ಬಳ್ಳಿಯಲ್ಲಿ ಒಂದು ಕೋಣೆಗೆ ಹೋದೆನು. ಹದಿನೈದು ಜನರು ಬೆಂಚುಗಳ ಮೇಲೆ ಕುಳಿತಿದ್ದರು. ಉಪದೇಶಕರು ಯಾರೂ ಇಲ್ಲ, ವಂತಿಗೆಯ ಬಲವಂತವಿಲ್ಲ, ಅಡ್ಡಹೆಸರನ್ನು ಕೇಳುವವರಿಲ್ಲ. ನಾನು ಮಾಸ್ತರನೆಂಬ ಬಿಗುವಿನಿಂದ ಬಾಗಿಲ ಬಳಿ ಕುಳಿತೆನು. ಒಬ್ಬ ಲಾರಿ ನಡೆಸುವವನು ಎದ್ದು ಹೇಳಿದನು: ‘ಶ್ರಾವಣದಾಗ ಒಂದು ಹನಿ ಮುಟ್ಟಂಗಿಲ್ರೀ ನಾ. ಅಂದಮ್ಯಾಲೆ ನಾ ಹ್ಯಾಂಗ ಕುಡುಕ ಆಗತೀನಿ ಅಂತ ಹತ್ತು ವರ್ಷ ನಮ್ಮವ್ವನ ಕೂಡ ಜಗಳಾಡೀನ್ರಿ.’ ಎಲ್ಲರೂ ನಕ್ಕರು. ನಾನೂ ನಕ್ಕೆನು, ನಗು ಅರ್ಧಕ್ಕೆ ನಿಂತಿತು. ನನ್ನ ಬಾಯೊಳಗಿನ ಮಾತು ಆತನ ಬಾಯಿಂದ ಬಂದಿತ್ತು. ನನ್ನೊಳಗೆ ಅದು ಶಾಸ್ತ್ರದಂತೆ ಕೂತಿತ್ತು. ಆತನ ಬಾಯಲ್ಲಿ ಅದು ಬರಿಯ ನೆಪವೆಂದು ಕಿವಿಗೆ ಕೇಳಿಸಿತು. (ಅಲ್ಲಿ ಕೇಳಿದ್ದನ್ನು ಹೊರಗೆ ಆಡಬಾರದೆಂಬ ಕಟ್ಟಳೆಯಿದೆ. ಈ ಮಾತನ್ನು ಆತನ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ.)

ಇಂಥ ಕೂಟಗಳ ಮೂಲ ಅಮೇರಿಕೆಯಲ್ಲಿದೆ. ೧೯೩೫ರ ಮೇ ತಿಂಗಳಲ್ಲಿ ಬಿಲ್ ವಿಲ್ಸನ್ ಎಂಬ ಷೇರುವ್ಯಾಪಾರದವನು ಕುಡಿತ ಬಿಟ್ಟು ಕೆಲವೇ ತಿಂಗಳಾಗಿರುವಾಗ ಓಹಾಯೋ ಪ್ರಾಂತದ ಆಕ್ರನ್ ಪಟ್ಟಣಕ್ಕೆ ವ್ಯವಹಾರಕ್ಕೆಂದು ಹೋಗಿ ಸೋತನು. ಮತ್ತೆ ಕುಡಿದುಬಿಡುವೆನೆಂಬ ಭಯದಿಂದ ಇನ್ನೊಬ್ಬ ಕುಡುಕನನ್ನು ಹುಡುಕಿದನು. ಸಿಕ್ಕವರು ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯರು. ಕಾಲು ಗಂಟೆ ಮಾತ್ರವೆಂದು ಕುಳಿತವರು ತಾಸುಗಟ್ಟಲೆ ಮಾತಾಡಿದರು. ಬಂದವನು ತನ್ನನ್ನು ತಿದ್ದಲು ಬಂದಿರಲಿಲ್ಲ, ತಾನುಳಿಯಲು ಬಂದಿದ್ದನೆಂಬದೇ ವೈದ್ಯರಿಗೆ ಹಿಡಿಸಿತು. ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಸಂಘವು ಹೀಗೆ ಹುಟ್ಟಿತು. ಸೇರಲು ಕುಡಿತ ಬಿಡಬೇಕೆಂಬ ಇಚ್ಛೆಯೊಂದೇ ಸಾಕು. ದೇವರನ್ನು ತಮ್ಮ ತಮ್ಮ ತಿಳಿವಿನಂತೆ ಭಾವಿಸಬಹುದೆಂದು ಅವರು ಬಿಟ್ಟಿರುವದರಿಂದ ಇಷ್ಟಲಿಂಗಧಾರಿಗೆ ಅಲ್ಲಿ ಯಾವ ಅಡ್ಡಿಯೂ ಇಲ್ಲ. ಶರಣರ ಗೋಷ್ಠಿಯ ವಾರಸುದಾರರಾದ ನಮಗೆ ಈ ರೀತಿ ಹೊಸದೂ ಅಲ್ಲ. ಕಲ್ಯಾಣದಲ್ಲಿ ಹೆಂಡದ ಮಾರಯ್ಯನು ಶರಣನಾದಾಗ ಅವನ ಹೆಸರಿನೊಳಗಿನ ಹೆಂಡವನ್ನು ಯಾರೂ ಅಳಿಸಲಿಲ್ಲವಷ್ಟೆ.

ಆದರೆ ಬಹು ವರುಷ ದಿನಾಲು ಕುಡಿದವರು ಉತ್ಸಾಹದಿಂದ ಒಮ್ಮೆಲೆ ಬಿಡಬಾರದು. ಕೆಲವು ತಾಸುಗಳಲ್ಲಿಯೇ ನಡುಕ, ಬೆವರು ಹತ್ತುವವು; ಎರಡು ದಿವಸಗಳೊಳಗೆ ಮೂರ್ಛೆ ಬರಬಹುದು; ಆ ಬಳಿಕ ಸನ್ನಿ ಹಿಡಿದು ಪ್ರಾಣಕ್ಕೇ ಮುಟ್ಟಬಹುದು. ಜಿಲ್ಲಾ ಆಸ್ಪತ್ರೆಗಾಗಲಿ, ಬೆಂಗಳೂರಿನ ನಿಮ್ಹಾನ್ಸಿಗಾಗಲಿ ಹೋಗಿ ವೈದ್ಯರ ಕಣ್ಣೆದುರಿಗೆ ಬಿಡಬೇಕು. ೧೪೪೪೬ ಎಂಬ ಸರಕಾರದ ದೂರವಾಣಿಗೆ ದುಡ್ಡಿಲ್ಲದೆ ಕರೆಮಾಡಿ ಕೇಳಬಹುದು. ೨೦೧೯ರಲ್ಲಿ ಭಾರತ ಸರಕಾರವು ಪ್ರಕಟಿಸಿದ ಸಮೀಕ್ಷೆಯ ಮೇರೆಗೆ ಮದ್ಯಕ್ಕೆ ಅಧೀನರಾದ ೩೮ ಜನರಲ್ಲಿ ಒಬ್ಬನಿಗೆ ಮಾತ್ರ ಯಾವದಾದರೂ ಚಿಕಿತ್ಸೆ ದೊರೆತಿತ್ತು. ಉಳಿದ ೩೭ ಜನರ ಮನೆಗಳಲ್ಲಿ ಎಷ್ಟು ಜ್ವರ, ಎಷ್ಟು ಕೆಟ್ಟ ಬಸ್ಸುಗಳಿರಬಹುದು!

ನನ್ನ ಮಗಳಿಗೆ ಆಮೇಲೆ ಬೇರೆ ಸಂಬಂಧ ಕೂಡಿಬಂತು. ಬಸ್ಸಿನ ಸಂಗತಿಯನ್ನು ಆಕೆಯ ಮುಂದೆ ಕುಳಿತು ಹೇಳಿದೆನು. ‘ಅಪ್ಪಾ, ನನಗೆ ಅವತ್ತೇ ಗೊತ್ತಿತ್ತು’ ಎಂದಳು. ಮುಂದೆ ಏನೂ ಅನ್ನಲಿಲ್ಲ, ನಾನೂ ಕೇಳಲಿಲ್ಲ.

ಸನ್ನಿಧಿಯವರು ದೊಡ್ಡ ಮನಸ್ಸು ಮಾಡಿ ದಾಸೋಹದ ಮನೆಯ ಹಿಂದಿನ ಕೋಣೆಯನ್ನು ಗುರುವಾರ ಸಂಜೆಯ ಹೊತ್ತಿಗೆ ಬಿಟ್ಟುಕೊಟ್ಟಿದ್ದಾರೆ. ಅದಕ್ಕೆ ಓಣಿಯ ಕಡೆಗೂ ಒಂದು ಬಾಗಿಲಿದೆ. ಮಹಾದ್ವಾರದಿಂದ ಬರಲು ಸಂಕೋಚಪಡುವವರು ಅದರಿಂದ ಬರಬಹುದು. ಆಣೆ ಇಡಿಸುವದಿಲ್ಲ, ಹೆಸರು ಬರೆದುಕೊಳ್ಳುವದಿಲ್ಲ, ಆಣೆ ಮುರಿದವರು ಮುಂದೆ ಕೂಡ್ರಬಹುದು. ಬರುವ ಗುರುವಾರ ದೀಪ ಹಚ್ಚಿದ ಮೇಲೆ ನಾನೂ, ಆ ಲಾರಿಯವನೂ ಅಲ್ಲಿ ಕುಳಿತಿರುತ್ತೇವೆ.