ಪುಟ್ಟ ಮಕ್ಕಳ ಬಾಸ್ಕೆಟ್‌ಬಾಲ್ ಸಂಘ: ತಾಯಿತಂದೆಯರ ಕೂಟದಲ್ಲಿ ಮಾಡಿದ ಭಾಷಣ



ಬೆಳಗಿನಿಂದ ಚಿಗುರು ಕಿತ್ತು, ತೂಕ ಹಾಕಿಸಿ, ಮನೆಗೂ ಹೋಗದೆ ನೇರವಾಗಿ ಇಲ್ಲಿ ಬಂದು ಕುಳಿತಿದ್ದೀರಿ. ಬಹಳ ಹೊತ್ತು ಹಿಡಿಯುವುದಿಲ್ಲ. ಏಳರಿಂದ ಹನ್ನೊಂದು ವರ್ಷದ ನಿಮ್ಮ ಮಕ್ಕಳನ್ನು ನಮ್ಮ ಬಾಸ್ಕೆಟ್‌ಬಾಲ್ ಸಂಘಕ್ಕೆ ಸೇರಿಸಿರೆಂದು ಕೇಳಲು ನಿಂತಿದ್ದೇವೆ.

ಮೊದಲು ನಮ್ಮ ತಪ್ಪನ್ನು ಒಪ್ಪಿಕೊಳ್ಳುತ್ತೇವೆ. ಹೋದ ವರ್ಷ ಇಪ್ಪತ್ತು ಮಕ್ಕಳು ಬಂದರು. ತಿಂಗಳೊಳಗೆ ಆರು ಮಂದಿ ಉಳಿದರು. ಮಕ್ಕಳಿಗೆ ಶ್ರದ್ಧೆಯಿಲ್ಲವೆಂದು ಬೈದೆವು. ಶ್ರದ್ಧೆ ಇಲ್ಲದಿದ್ದುದು ನಮಗೆ. ದೊಡ್ಡವರ ಆಟದ ಬಳೆ ನೆಲದಿಂದ 10 ಅಡಿ ಎತ್ತರ. ಪಾಪ, ಎಂಟು ವರ್ಷದ ಕೂಸು ಎರಡು ಕೈಯಿಂದ ಎಸೆದರೂ ಚೆಂಡು ಬಲೆಯನ್ನು ಮುಟ್ಟದು. ದಿನವೂ ಸೋಲುವ ಆಟಕ್ಕೆ ಯಾವ ಮಗು ಬರುತ್ತದೆ? ಚಿಕ್ಕವರಿಗೆ ಬೇರೆ ಅಳತೆ ಉಂಟು: ಬಳೆ ಸುಮಾರು ಎಂಟೂವರೆ ಅಡಿ, ಚೆಂಡು 5ನೆಯ ನಂಬರಿನದು, ತೂಕ ಅರ್ಧ ಕಿಲೋ. 1950ರಲ್ಲಿ ಅಮೆರಿಕದ ಸ್ಕ್ರಾಂಟನ್ ಊರಿನ ಜೇ ಆರ್ಚರ್ ಎಂಬ ಉಪಾಧ್ಯಾಯರು ಮಕ್ಕಳಿಗೆಂದೇ ಆಟವನ್ನು ಹೀಗೆ ಇಳಿಸಿದರು. ನಾವೂ ಈಗ ಬಳೆ ಇಳಿಸಿದ್ದೇವೆ.

ಇದು ದೊರೆಮಕ್ಕಳ ಆಟವೆಂದು ಕೆಲವರು ಹೇಳುತ್ತಾರೆ. 1891ರಲ್ಲಿ ಇದನ್ನು ಕಟ್ಟಿದ ಜೇಮ್ಸ್ ನೈಸ್ಮಿತ್ ಚಿಕ್ಕಂದಿನಲ್ಲಿಯೇ ತಾಯಿತಂದೆಯನ್ನು ಕಳೆದುಕೊಂಡವರು, ಕೆಲವು ಕಾಲ ಕಾಡಿನಲ್ಲಿ ಮರದ ಕೆಲಸ ಮಾಡಿ ಆಮೇಲೆ ದೇವಶಾಸ್ತ್ರ ಓದಿದವರು. ವೈ.ಎಂ.ಸಿ.ಎ. ಶಾಲೆಯಲ್ಲಿ ಪೀಚ್ ಹಣ್ಣಿನ ಎರಡು ಬುಟ್ಟಿ ತೂಗುಹಾಕಿ ಆಟ ಆರಂಭಿಸಿದರು. ಬುಟ್ಟಿ ನಮ್ಮ ಬೆನ್ನಿಗೆ ಹೊಸದೇನೂ ಅಲ್ಲವಲ್ಲ! ಚೆಂಡನ್ನು ಕೈಯಲ್ಲಿ ಹಿಡಿದುಕೊಂಡು ಓಡಬಾರದೆಂದು ಅವರು ಅಂದೇ ನಿಯಮ ಮಾಡಿದರು, ಜೊತೆಯವನಿಗೆ ಕೊಡಲೇಬೇಕು. ಯೂನಿಯನ್ ಸಭೆಗಳಲ್ಲಿ ನಮಗೇ ಇನ್ನೂ ಸರಿಯಾಗಿ ಬಾರದ ಪಾಠ.

ಆಟ ವ್ಯರ್ಥ ಕಾಲಕ್ಷೇಪವೆನ್ನುವ ಹಿರಿಯರು ಜೆಕರ್ಯ 8ನೆಯ ಅಧ್ಯಾಯ, 5ನೆಯ ವಚನವನ್ನು ತೆಗೆದು ನೋಡಲಿ. ದೇವರು ತಿರುಗಿ ಕಟ್ಟುವ ಪಟ್ಟಣದ ಬೀದಿಗಳಲ್ಲಿ ಹುಡುಗರು ಮಾತ್ರವಲ್ಲ, ಹುಡುಗಿಯರೂ ಆಡುತ್ತಿದ್ದಾರೆ.

ಹುಡುಗಿಯರ ಮಾತಿಗೇ ಬರುತ್ತೇವೆ. ಕೆಳಗಿನ ಲೈನಿನ ಅಕ್ಕ ಒಬ್ಬರು ಕೇಳಿದರು: "ಅಣ್ಣಾ, ದೊಡ್ಡ ಮಗಳು ಆಟಕ್ಕೆ ಬಂದರೆ ಕೈಕೂಸನ್ನು ಯಾರು ನೋಡಿಕೊಳ್ಳುತ್ತಾರೆ?" ನಮಗೆ ಉತ್ತರ ಹೊಳೆಯಲಿಲ್ಲ. ತೂಕ ಮುಗಿಯುವುದಕ್ಕೆ ಮುಂಚೆ ಶಿಶುವಿಹಾರದ ಬಾಗಿಲು ಹಾಕುತ್ತಾರೆ. ಆ ಒಂದು ಗಂಟೆಯ ಭಾರವನ್ನು ಒಂಬತ್ತು ವರ್ಷದ ಹುಡುಗಿ ಸೊಂಟದ ಮೇಲೆ ಹೊರುತ್ತಾಳೆ. ಅವಳ ಅಣ್ಣ ಚೆಂಡಾಡುತ್ತಾನೆ. ಇದು ನಮ್ಮ ಮನೆಯಲ್ಲಿಯೂ ನಡೆದಿದೆ. ಶಿಶುವಿಹಾರವೇನೂ ಧಣಿಗಳ ದಾನವಲ್ಲ. 50 ಹೆಣ್ಣಾಳುಗಳಿರುವ ತೋಟದಲ್ಲಿ ಅದು ಇರಬೇಕೆಂದು 1951ರ ತೋಟ ಕಾರ್ಮಿಕರ ಕಾಯಿದೆಯೇ ಹೇಳಿತ್ತು. ಕಡೆಯ ತೂಕದವರೆಗೆ ಅದನ್ನು ತೆರೆದಿಡಬೇಕೆಂದು ಯೂನಿಯನ್ ಮೂಲಕ ಬರೆದು ಕೊಡುತ್ತೇವೆ. ಅಲ್ಲಿಯವರೆಗೆ ಕೂಸುಗಳನ್ನೂ ಎತ್ತಿಕೊಂಡು ಬರಲಿ. ಸ್ತ್ರೀಯರ ಕೂಟದ ಇಬ್ಬರು ಅಮ್ಮಂದಿರು ಅಂಗಳದ ಬದಿಯಲ್ಲಿ ಕುಳಿತು ನೋಡಿಕೊಳ್ಳಲು ಒಪ್ಪಿದ್ದಾರೆ.

ಚಂದಾ ಇಲ್ಲ. ಕ್ಯಾನ್ವಾಸ್ ಶೂ ಹನ್ನೆರಡು ಜೊತೆ ಇವೆ, ಸರದಿಯಂತೆ ಹಾಕಿಕೊಳ್ಳಬೇಕು. ಆಟ ಶನಿವಾರ ಸಾಯಂಕಾಲ ನಾಲ್ಕಕ್ಕೆ; ಭಾನುವಾರದ ಆರಾಧನೆಗೆ ಅಡ್ಡಿಯಿಲ್ಲ. ಕತ್ತಲಾಗಿ ಕಾಟಿ ಇಳಿಯುವ ಮುಂಚೆ ಮಕ್ಕಳನ್ನು ಲೈನಿನವರೆಗೆ ನಾವೇ ಬಿಟ್ಟು ಬರುತ್ತೇವೆ.

ಈವರೆಗೆ ಗಂಡುಮಕ್ಕಳ ಹದಿನಾಲ್ಕು ಹೆಸರು ಬಂದಿವೆ, ಹೆಣ್ಣುಮಕ್ಕಳದು ಮೂರು. ಪುಸ್ತಕ ಇಲ್ಲಿ ಮೇಜಿನ ಮೇಲೆಯೇ ಇದೆ.