ಅನ್ಯನಾಡಿನ ಪಟ್ಟಿಯಲ್ಲಿ ನಮ್ಮ ಹೆಸರು

ಕಡಲಾಚೆಯ ಸಂಬಂಧ ಉತ್ತರ ಕನ್ನಡದ ಕರಾವಳಿಗೆ ಹೊಸದೇನಲ್ಲ. ವಿಜಯನಗರದ ಕಾಲದಲ್ಲಿ ಅರಬ್ಬೀ ಕುದುರೆಗಳು ಭಟ್ಕಳದ ಬಂದರಿನಲ್ಲಿ ಇಳಿಯುತ್ತಿದ್ದುವು. ಘಟ್ಟದ ಮೆಣಸು ಇಲ್ಲಿಂದ ಹಡಗೇರುತ್ತಿತ್ತು. ಆಮೇಲಿನ ಕಾಲದಲ್ಲಿ ಹೊನ್ನಾವರ, ಕುಮಟೆಗಳ ಜನ ಹೊಟ್ಟೆಪಾಡಿಗಾಗಿ ಮುಂಬಯಿಯ ದಾರಿ ಹಿಡಿದರು. ಭಟ್ಕಳದ ನವಾಯತ ಮನೆತನಗಳು ಕೊಲ್ಲಿಯ ನಾಡುಗಳಲ್ಲಿ ಅಂಗಡಿ, ವ್ಯಾಪಾರಗಳನ್ನು ಕಟ್ಟಿಕೊಂಡವು. ಈ ಯಾತ್ರಿಕರ ಸಾಲಿಗೆ ಇನ್ನೊಬ್ಬಳು ಸೇರಿದ್ದಾಳೆ. ಅವಳು ನರ್ಸ್. ಅವಳು ಒಯ್ಯುವುದು ಮೆಣಸಲ್ಲ, ಅತ್ತರಲ್ಲ. ತಾನು ಕಲಿತ ಕೆಲಸ. ಆದರೆ ಮೆಣಸು ಯಾವ ಬಂದರಿನಲ್ಲಿ ಇಳಿದರೂ ಮೆಣಸೇ. ನರ್ಸ್ ಹಾಗಲ್ಲ. ಊರಿನ ಆಸ್ಪತ್ರೆಯಲ್ಲಿ ಹತ್ತು ವರ್ಷ ದುಡಿದವಳು ಕೂಡ ವಿಮಾನದಿಂದ ಇಳಿದ ಗಳಿಗೆಯಲ್ಲಿ ನರ್ಸ್ ಆಗಿ ಉಳಿಯುವುದಿಲ್ಲ. ಆ ನಾಡಿನ ಪಟ್ಟಿಯಲ್ಲಿ ಹೆಸರು ಏರಿದ ಮೇಲೆಯೇ ಅವಳು ಪುನಃ ನರ್ಸ್.

ಈ ಪಟ್ಟಿಯೆಂಬುದು ಏನು, ಅದು ಏಕೆ ಬೇಕಾಯಿತು, ಅದರೊಳಗೆ ಹೆಸರು ಏರಿಸುವ ಕಷ್ಟವೇನು—ಈ ಹೊತ್ತಿನ ಮಾತಿಗೆ ಇಷ್ಟೇ ವಸ್ತು.

ನರ್ಸುಗಳ ಹೆಸರುಗಳನ್ನು ಸರ್ಕಾರದ ಕಾನೂನಿನ ಪ್ರಕಾರ ಒಂದು ಪುಸ್ತಕದಲ್ಲಿ ದಾಖಲಿಸಬೇಕು, ಹಾಗೆ ದಾಖಲಾದವರನ್ನು ಮಾತ್ರವೇ ನರ್ಸ್ ಎಂದು ಮನ್ನಿಸಬೇಕು ಎಂಬ ವಿಚಾರ ಬಹಳ ಹಳೆಯದಲ್ಲ. ಇದಕ್ಕೆಂದೇ ಒಂದು ಶಾಸನವನ್ನು ಮೊದಲು ಮಾಡಿದ ದೇಶ ನ್ಯೂಜಿಲೆಂಡ್, 1901ರಲ್ಲಿ. ಮರುವರ್ಷದ ಜನವರಿಯಲ್ಲಿ ಎಲೆನ್ ಡೌಹರ್ಟಿ ಎಂಬಾಕೆ ಆ ಪಟ್ಟಿಯ ಮೊದಲ ಹೆಸರಾದಳು. ಇಂಗ್ಲೆಂಡಿನಲ್ಲಿ ಈ ವಿಷಯ ಮೂವತ್ತು ವರ್ಷಗಳ ಜಗಳವಾಯಿತು. ಬೆಡ್‌ಫರ್ಡ್ ಫೆನ್ವಿಕ್ ಎಂಬ ಮಹಿಳೆ ನೋಂದಣಿ ಬೇಕೇ ಬೇಕೆಂದು ಹೋರಾಡಿದರೆ, ಅದಕ್ಕೆ ಅಡ್ಡ ನಿಂತವರು ಬೇರೆ ಯಾರೂ ಅಲ್ಲ, ಸಾಕ್ಷಾತ್ ಫ್ಲಾರೆನ್ಸ್ ನೈಟಿಂಗೇಲ್! ಪರೀಕ್ಷೆಯಿಂದ ತಿಳಿವಳಿಕೆಯನ್ನು ಅಳೆಯಬಹುದು, ರೋಗಿಯ ಹಾಸಿಗೆಯ ಬಳಿ ನಿಲ್ಲುವ ಮನಸ್ಸನ್ನು ಅಳೆಯಲಾಗದು ಎಂಬುದು ಆಕೆಯ ಆಕ್ಷೇಪದ ಸಾರ. ನೈಟಿಂಗೇಲ್ 1910ರಲ್ಲಿ ತೀರಿಕೊಂಡರು. 1919ರಲ್ಲಿ ಕಾನೂನು ಬಂದೇ ಬಂದಿತು. ಪಟ್ಟಿಯ ಮೊದಲ ಸಂಖ್ಯೆ ಫೆನ್ವಿಕ್‌ರದಾಯಿತು. ಆದರೂ ಅಂದು ಎದ್ದ ಪ್ರಶ್ನೆ ಅಂದಿಗೇ ಮುಗಿಯಲಿಲ್ಲ. ನಮ್ಮ ಹುಡುಗಿಯರು ಇಂದು ಪರದೇಶದಲ್ಲಿ ಎದುರಿಸುವುದೂ ಹೆಚ್ಚುಕಡಿಮೆ ಅದೇ ಪ್ರಶ್ನೆಯನ್ನು.

ನಮ್ಮ ನಾಡಿನಲ್ಲಿಯೂ ಪಟ್ಟಿಗಳ ಕಥೆ ಕುತೂಹಲಕರವಾದುದು. ಮದರಾಸು ಪ್ರಾಂತದಲ್ಲಿ ನರ್ಸುಗಳ, ಸೂಲಗಿತ್ತಿಯರ ಕಾನೂನು ಬಂದುದು 1926ರಲ್ಲಿ. ಮುಂಬಯಿ ಪ್ರಾಂತದಲ್ಲಿ 1935ರಲ್ಲಿ. ಉತ್ತರ ಕನ್ನಡ 1862ರಿಂದಲೂ ಮುಂಬಯಿಗೆ ಸೇರಿತ್ತು. ದಕ್ಷಿಣ ಕನ್ನಡ ಮದರಾಸಿನಲ್ಲಿಯೇ ಉಳಿದಿತ್ತು. ಹೀಗಾಗಿ ಭಟ್ಕಳದ ನರ್ಸಿಗೆ ಒಂದು ಪಟ್ಟಿ, ಶಿರೂರಿನ ಗಡಿ ದಾಟಿ ಒಂದು ಹಗಲಿನ ನಡಿಗೆಯಷ್ಟು ದೂರದಲ್ಲಿದ್ದ ಬೈಂದೂರಿನ ನರ್ಸಿಗೆ ಇನ್ನೊಂದು. ಇಬ್ಬರ ಮಾತೂ ಒಂದೇ, ರೋಗಿಗಳ ಜ್ವರವೂ ಒಂದೇ. 1947ರ ಕಾನೂನಿನಿಂದ ಇಡೀ ದೇಶಕ್ಕೆ ಭಾರತೀಯ ನರ್ಸಿಂಗ್ ಪರಿಷತ್ತು ಹುಟ್ಟಿ ಶಿಕ್ಷಣದ ಮಟ್ಟವನ್ನು ಸಮಗೊಳಿಸಲು ತೊಡಗಿತು. 1956ರಲ್ಲಿ ರಾಜ್ಯ ಒಂದಾಯಿತು. 1961ರಲ್ಲಿ ನಮ್ಮ ರಾಜ್ಯಕ್ಕೆ ಪ್ರತ್ಯೇಕ ಕಾನೂನು ಬಂದು ಎರಡೂ ಜಿಲ್ಲೆಗಳು ಒಂದೇ ಪಟ್ಟಿಯ ಆಶ್ರಯಕ್ಕೆ ಬಂದವು. ಇಂದಿಗೂ ಕರ್ನಾಟಕದ ನರ್ಸ್ ಗೋವೆಯಲ್ಲಿಯೋ ಮುಂಬಯಿಯಲ್ಲಿಯೋ ಕೆಲಸ ಹಿಡಿದರೆ ಅಲ್ಲಿನ ಪರಿಷತ್ತಿಗೆ ಕಾಗದ ಬರೆಯಬೇಕಾಗುತ್ತದೆ. ದೇಶದೊಳಗೇ ಹೀಗಿರುವಾಗ ಕಡಲಾಚೆಯ ಮಾತೇನು?

ಕುಮಟೆಯ ಕಡೆಯ ಒಬ್ಬ ಹುಡುಗಿಯನ್ನು ಕಲ್ಪಿಸಿಕೊಳ್ಳೋಣ. ಮೂರು ವರ್ಷದ ಡಿಪ್ಲೊಮಾವನ್ನೋ ನಾಲ್ಕು ವರ್ಷದ ಬಿ.ಎಸ್‌ಸಿ. ನರ್ಸಿಂಗನ್ನೋ ಮುಗಿಸಿದ್ದಾಳೆ. ಬೆಂಗಳೂರಿನ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿದ್ದಾಳೆ. ಮಂಗಳೂರಿನ ಆಸ್ಪತ್ರೆಯೊಂದರ ತುರ್ತುನಿಗಾ ಘಟಕದಲ್ಲಿ ಕೆಲವು ವರ್ಷ ದುಡಿದಿದ್ದಾಳೆ. ಈಗ ಪರದೇಶಕ್ಕೆ ಅರ್ಜಿ ಹಾಕಬೇಕು. ಅವಳ ಮೊದಲ ತೊಡಕು ವೈದ್ಯಶಾಸ್ತ್ರದ್ದಲ್ಲ, ಹೆಸರಿನದು! ನಮ್ಮ ಕಡೆಯ 'ನಾಯ್ಕ' ಎಂಬುದನ್ನು ಇಂಗ್ಲಿಷಿನಲ್ಲಿ ಮೂರು ನಾಲ್ಕು ರೀತಿಯಲ್ಲಿ ಬರೆಯುವುದುಂಟು. 'ಗೌಡ'ನಿಗೆ ಎರಡು ರೂಪ, 'ಹೆಗಡೆ'ಗೆ ಎರಡು, 'ಫರ್ನಾಂಡಿಸ್'ಗೆ ಕೊನೆಯ ಅಕ್ಷರದಲ್ಲಿ ವಿಕಲ್ಪ. ಎಸ್.ಎಸ್.ಎಲ್.ಸಿ. ಪ್ರಮಾಣಪತ್ರದಲ್ಲಿ ಅಪ್ಪನ ಹೆಸರು ಒಂದಕ್ಷರಕ್ಕೆ ಇಳಿದಿರುತ್ತದೆ. ಪಾಸ್‌ಪೋರ್ಟಿನಲ್ಲಿ ಪೂರ್ತಿಯಾಗಿ ಹಿಗ್ಗಿರುತ್ತದೆ. ಮದುವೆಯಾದ ಮೇಲೆ ಮತ್ತೊಂದು ಹೆಸರು ಸೇರಿರುತ್ತದೆ. ಊರಿನಲ್ಲಿ ಇವೆಲ್ಲ ಒಬ್ಬಳೇ ಎಂದು ಯಾರಾದರೂ ಹೇಳಿಯಾರು. ದೂರದ ಗುಮಾಸ್ತನಿಗೆ ಇವರು ಮೂವರು. ಮೂವರನ್ನು ಒಬ್ಬಳನ್ನಾಗಿ ಮಾಡಲು ಪ್ರಮಾಣಪತ್ರ, ನೋಟರಿಯ ಮುದ್ರೆ, ತಿಂಗಳುಗಳ ಪತ್ರವ್ಯವಹಾರ ಬೇಕು.

ಎರಡನೆಯದು ಕಲಿಕೆಯ ಲೆಕ್ಕ. ಅಮೆರಿಕದಂತಹ ದೇಶ ಕೇಳುವುದು ಬರಿಯ ಅಂಕಪಟ್ಟಿಯನ್ನಲ್ಲ. ವಯಸ್ಕರ ಶುಶ್ರೂಷೆ, ಬಾಣಂತಿ ಮತ್ತು ಹಸುಗೂಸು, ಮಕ್ಕಳು, ಮನೋರೋಗ—ಈ ನಾಲ್ಕು ವಿಭಾಗಗಳಲ್ಲಿ ಪಾಠ ಎಷ್ಟು ತಾಸು, ವಾರ್ಡಿನ ಕೆಲಸ ಎಷ್ಟು ತಾಸು ಎಂಬುದನ್ನು ಕಲಿಸಿದ ಶಾಲೆಯೇ ನೇರವಾಗಿ ಬರೆದು ಕಳಿಸಬೇಕು. ಹದಿನೈದು ವರ್ಷದ ಹಿಂದಿನ ಕಡತವನ್ನು ಗೆದ್ದಲು ತಿಂದಿದ್ದರೆ, ಅಥವಾ ಶಾಲೆಯೇ ಮುಚ್ಚಿಹೋಗಿದ್ದರೆ, ಅವಳ ಕೈಯ ಕೌಶಲಕ್ಕೆ ಸಾಕ್ಷಿ ಹೇಳುವವರಿಲ್ಲ. ಆಮೇಲೆ ಕಂಪ್ಯೂಟರಿನ ಮುಂದೆ ಪರೀಕ್ಷೆ. ಅಭ್ಯರ್ಥಿ ಕೊಟ್ಟ ಉತ್ತರವನ್ನು ನೋಡಿ ಯಂತ್ರವು ಮುಂದಿನ ಪ್ರಶ್ನೆಯ ಕಠಿಣತೆಯನ್ನು ನಿರ್ಧರಿಸುತ್ತದೆ; ಕೆಲವರಿಗೆ 85 ಪ್ರಶ್ನೆಗೇ ಮುಗಿಯುತ್ತದೆ, ಕೆಲವರಿಗೆ 150ರವರೆಗೂ ಹೋಗುತ್ತದೆ. ಇಷ್ಟನ್ನು ಗೆದ್ದರೂ ವೀಸಾದ ಸರದಿ ಬೇರೆ. ಭಾರತದಲ್ಲಿ ಹುಟ್ಟಿದವರು ಅಲ್ಲಿ ಖಾಯಂ ವಾಸಕ್ಕಾಗಿ ಕಾಯುವ ಕಾಲ ದಶಕವನ್ನೂ ಮೀರಿದೆ.

ಕೊಲ್ಲಿಯ ದಾರಿ ನಮ್ಮ ಜನಕ್ಕೆ ಪರಿಚಿತವಾದುದು. ಆದರೆ ಅಲ್ಲಿಯೂ ಪಟ್ಟಿ ಒಂದಲ್ಲ. ದುಬೈಗೆ ಒಂದು, ಅಬುಧಾಬಿಗೆ ಒಂದು, ಉಳಿದ ಎಮಿರೇಟುಗಳಿಗೆ ಕೇಂದ್ರದ ಆರೋಗ್ಯ ಸಚಿವಾಲಯದ್ದು ಒಂದು. ಸೌದಿ ಅರೇಬಿಯಾದ ಆಯೋಗವೇ ಬೇರೆ. ಭಟ್ಕಳದ ಮನೆಯವರಿಗೆ ದುಬೈ ಪಕ್ಕದ ಓಣಿ ಇದ್ದಂತೆ. ಆದರೆ ಅಂಗಡಿ ಇಟ್ಟ ಅಣ್ಣನ ಪರಿಚಯ ಎಷ್ಟೇ ಇದ್ದರೂ ತಂಗಿಗೆ ಪರೀಕ್ಷೆ ತಪ್ಪುವುದಿಲ್ಲ.

ಇಂಗ್ಲೆಂಡಿನ ಪರೀಕ್ಷೆಯನ್ನು ಸ್ವಲ್ಪ ವಿವರವಾಗಿ ನೋಡಬೇಕು. ಈಗಿನ ಕ್ರಮ 2014ರಲ್ಲಿ ಬಂದುದು. 2021ರಲ್ಲಿ ಅದನ್ನು ತಿದ್ದಿದರು. ಮೊದಲ ಭಾಗ ಕಂಪ್ಯೂಟರಿನದು. ಇಲ್ಲಿಯೇ ಕುಳಿತು ಬರೆಯಬಹುದು. ಎರಡನೆಯದು ಅಲ್ಲಿಗೆ ಹೋಗಿ ಮಾಡಿ ತೋರಿಸುವುದು. ಹತ್ತು ಘಟ್ಟಗಳು. ರೋಗಿಯ ಸ್ಥಿತಿಯನ್ನು ಅರಿಯುವುದು, ಶುಶ್ರೂಷೆಯನ್ನು ಯೋಜಿಸುವುದು, ನಡೆಸುವುದು, ಫಲವನ್ನು ಪರಿಶೀಲಿಸುವುದು; ಜೊತೆಗೆ ಕೈಕೆಲಸದ ಪರೀಕ್ಷೆಗಳು. ಕೈ ತೊಳೆದದ್ದು, ರೋಗಿಯ ಹೆಸರನ್ನು ಮಣಿಕಟ್ಟಿನ ಪಟ್ಟಿಯೊಡನೆ ತಾಳೆ ನೋಡಿದ್ದು, ಯಾವ ಔಷಧಿ ಒಗ್ಗದೆಂದು ಕೇಳಿದ್ದು, ಒಪ್ಪಿಗೆ ಪಡೆದದ್ದು—ಎಲ್ಲವೂ ಪರೀಕ್ಷಕರಿಗೆ ಕಾಣಬೇಕು, ಕೇಳಬೇಕು. ನಮ್ಮ ಒಳ್ಳೆಯ ನರ್ಸ್ ಇದನ್ನೆಲ್ಲ ಮಾತಿಲ್ಲದೆ ಮಾಡಿ ರೂಢಿಯಾದವಳು. ಮಾಡುವ ಕೆಲಸವನ್ನು ಬಾಯಿಬಿಟ್ಟು ಹೇಳುವುದು ಅವಳಿಗೆ ಜಂಬದಂತೆ ತೋರುತ್ತದೆ. ಅಲ್ಲಿ ಹೇಳದಿದ್ದರೆ ಮಾಡಲಿಲ್ಲವೆಂದೇ ಅರ್ಥ.

ಇನ್ನೂ ಒಂದು ವ್ಯತ್ಯಾಸವಿದೆ. ನಮ್ಮ ಆಸ್ಪತ್ರೆಗಳಲ್ಲಿ ರೋಗಿಯ ಜೊತೆಗೆ ಮನೆಯವರೊಬ್ಬರು ಇದ್ದೇ ಇರುತ್ತಾರೆ. ಗಂಜಿ ಕುಡಿಸುವವರು, ಮೈ ಒರೆಸುವವರು, ಮಗ್ಗುಲು ಬದಲಿಸುವವರು ಅವರೇ. ನರ್ಸಿನ ಪಾಲಿಗೆ ಔಷಧಿ, ಸೂಜಿ, ದಾಖಲೆ. ಅಲ್ಲಿಯ ಮುದುಕಿಯ ಬಳಿ ಯಾರೂ ಇಲ್ಲ. ಹಲ್ಲಿನ ಸೆಟ್ಟು ತೊಳೆಯುವುದರಿಂದ ಹಿಡಿದು ಸಾವಿನ ಸುದ್ದಿಯನ್ನು ಮಗನಿಗೆ ಫೋನಿನಲ್ಲಿ ತಿಳಿಸುವವರೆಗೆ ಎಲ್ಲವೂ ನರ್ಸಿನ ಹೊಣೆ. ಆದುದರಿಂದ ಮರು ಪರೀಕ್ಷೆ ಪೂರ್ತಿಯಾಗಿ ಅರ್ಥವಿಲ್ಲದ್ದೆಂದು ಹೇಳಲಾಗದು. ಅಲ್ಲಿ ಕೆಲಸದ ಎಲ್ಲೆಯೇ ಬೇರೆ.

ಪರೀಕ್ಷೆ ಗೆಲ್ಲುವವರೆಗೆ ಅವಳ ಸ್ಥಾನವೇನು? ಸಹಾಯಕಿ. ವೆಂಟಿಲೇಟರಿನ ಮೇಲಿದ್ದ ರೋಗಿಗಳನ್ನು ರಾತ್ರಿಯಿಡೀ ಕಾಯ್ದವಳು ಅಲ್ಲಿ ತನ್ನ ಹೊಣೆಯ ಮೇಲೆ ಔಷಧಿ ಕೊಡುವಂತಿಲ್ಲ. ಸಂಬಳವೂ ಕೆಳಗಿನ ದರ್ಜೆಯದು. ಸೋತರೆ ಮತ್ತೆ ಅವಕಾಶವುಂಟು, ಆದರೆ ಅದಕ್ಕೂ ಎಣಿಕೆಯ ಮಿತಿಯಿದೆ. ಊರಿನಲ್ಲಿ ಸಾಲ ಬೆಳೆಯುತ್ತಿರುತ್ತದೆ. ಫೋನಿನಲ್ಲಿ ಅಮ್ಮ ಕೇಳುತ್ತಾಳೆ: "ಎಲ್ಲ ಆಯ್ತಾ ಮಗಾ?" ಉತ್ತರ ಹೇಳುವುದು ಸುಲಭವಲ್ಲ.

ಭಾಷೆಯದು ಬೇರೆಯೇ ಸಂಕಟ. ಹೊನ್ನಾವರದ ವಾರ್ಡಿನಲ್ಲಿ ಒಬ್ಬಳು ನರ್ಸ್ ಒಂದು ಬೆಳಗಿನಲ್ಲಿ ಕನ್ನಡ, ಕೊಂಕಣಿ, ನವಾಯತಿ, ಹವ್ಯಕರ ಮಾತು, ಹಾಲಕ್ಕಿಗಳ ಮಾತು ಎಲ್ಲಕ್ಕೂ ಕಿವಿಗೊಡುತ್ತಾಳೆ. 'ಹೊಟ್ಟೆ ತೊಳಸ್ತದೆ' ಎಂದರೇನು, 'ಜೀವ ಹಗುರಾಗ್ತದೆ' ಎಂದರೇನು ಎಂಬುದು ಅವಳಿಗೆ ಯಾರೂ ಕಲಿಸಬೇಕಾಗಿಲ್ಲ. ಈ ಸಂಪತ್ತಿಗೆ ಅಲ್ಲಿ ಬೆಲೆಯಿಲ್ಲ. ಅಲ್ಲಿ ಬೇಕಾದುದು ಇಂಗ್ಲಿಷ್. ಓದುವುದು, ಕೇಳುವುದು, ಮಾತನಾಡುವುದು, ಬರೆಯುವುದು ಎಂದು ನಾಲ್ಕು ಪರೀಕ್ಷೆ. ಬರವಣಿಗೆಯಲ್ಲಿ ಅರ್ಧ ಅಂಕಕ್ಕೆ ಸೋತವರು ಎಷ್ಟೋ ಮಂದಿ. ಕೊನೆಗೆ 2018ರಲ್ಲಿ ಇಂಗ್ಲೆಂಡಿನ ಪರಿಷತ್ತು ಬರವಣಿಗೆಗೆ ಬೇಕಾದ ಅಂಕವನ್ನು 7ರಿಂದ 6.5ಕ್ಕೆ ಇಳಿಸಿತು. ಅರ್ಧ ಅಂಕ ಇಳಿದುದರಿಂದ ಅಲ್ಲಿಯ ರೋಗಿಗಳಿಗೆ ಕೇಡಾಗದೆಂದು ಪರಿಷತ್ತೇ ಒಪ್ಪಿದ ಹಾಗಾಯಿತು. ಅಂದಮೇಲೆ, ಅದಕ್ಕೆ ಮುಂಚೆ ಸೋತು ಹಿಂದಿರುಗಿದವರು ತೆತ್ತ ವರ್ಷಗಳು ಯಾವ ಲೆಕ್ಕಕ್ಕೆ?

ಆದರೂ ಪಟ್ಟಿಯೇ ಬೇಡವೆನ್ನುವ ಹಾಗಿಲ್ಲ. 2023ರ ಜನವರಿಯಲ್ಲಿ ಅಮೆರಿಕದ ಸರ್ಕಾರ ಒಂದು ಮೋಸವನ್ನು ಹೊರಗೆಡವಿತು. ಫ್ಲಾರಿಡಾದ ಕೆಲವು ಶಾಲೆಗಳು 7,600ಕ್ಕೂ ಹೆಚ್ಚು ಸುಳ್ಳು ನರ್ಸಿಂಗ್ ಪ್ರಮಾಣಪತ್ರಗಳನ್ನು ಹಣಕ್ಕೆ ಮಾರಿದ್ದವು. ಆ ತನಿಖೆಗೆ ಇಟ್ಟ ಹೆಸರು ನೈಟಿಂಗೇಲ್ ಕಾರ್ಯಾಚರಣೆ! ಅದೇ ವರ್ಷ ನೈಜೀರಿಯಾದ ಇಬಾದಾನ್ ನಗರದ ಒಂದು ಪರೀಕ್ಷಾಕೇಂದ್ರದಲ್ಲಿ ಇಂಗ್ಲೆಂಡಿನ ಪರೀಕ್ಷೆ ಬರೆದವರ ಫಲಿತಾಂಶಗಳ ಮೇಲೆ ಸಂಶಯ ಬಂದು, ಪ್ರಾಮಾಣಿಕರೂ ಆ ನೆರಳಿನಲ್ಲಿ ನಿಲ್ಲಬೇಕಾಯಿತು. ಪ್ರಜ್ಞೆ ತಪ್ಪಿ ಮಲಗಿದ ರೋಗಿ ತನ್ನ ನರ್ಸಿನ ಯೋಗ್ಯತೆಯನ್ನು ತಾನು ಕೇಳಲಾರ. ಅವನ ಪರವಾಗಿ ಯಾರಾದರೂ ಮೊದಲೇ ಕೇಳಿರಬೇಕು. ಪಟ್ಟಿಯ ನ್ಯಾಯ ಇಷ್ಟು. ಕೇಳುವ ರೀತಿ ನ್ಯಾಯವಾಗಿರಬೇಕು, ಒಮ್ಮೆ ಕೇಳಿದ್ದನ್ನೇ ಹತ್ತು ಕಡೆ ಕೇಳಿ ಹತ್ತು ಸಲ ಶುಲ್ಕ ಎತ್ತಬಾರದು ಎಂಬುದು ನರ್ಸಿನ ನ್ಯಾಯ.

ಈ ಎರಡರ ನಡುವೆ ನುಸುಳುವವನು ದಲ್ಲಾಳಿ. ಕೊಲ್ಲಿಯ ಕೆಲಸಕ್ಕೆಂದು ನರ್ಸುಗಳಿಂದ ಲಕ್ಷಗಟ್ಟಲೆ ವಸೂಲು ಮಾಡಿದ ಪ್ರಕರಣಗಳು ಬಯಲಾದ ಮೇಲೆ, 2015ರಲ್ಲಿ ಕೇಂದ್ರ ಸರ್ಕಾರವು ಹದಿನೆಂಟು ದೇಶಗಳಿಗೆ ನರ್ಸುಗಳ ನೇಮಕ ಸರ್ಕಾರಿ ಸಂಸ್ಥೆಗಳ ಮೂಲಕವೇ ನಡೆಯಬೇಕೆಂದು ಕಟ್ಟುಮಾಡಿತು. ಪರವಾನಗಿ ಪಡೆದ ಏಜೆಂಟನೂ ಕಾನೂನಿನ ಪ್ರಕಾರ ಕೆಲಸಕ್ಕೆ ಹೋಗುವವರಿಂದ 30,000 ರೂಪಾಯಿ ಮತ್ತು ತೆರಿಗೆಗಿಂತ ಹೆಚ್ಚು ಪಡೆಯಬಾರದು. ಈ ಒಂದು ಅಂಕಿ ಪ್ರತಿ ಮನೆಯಲ್ಲೂ ತಿಳಿದಿದ್ದರೆ ಎಷ್ಟೋ ಗದ್ದೆ, ಬಂಗಾರ ಉಳಿದೀತು.

ಇನ್ನು ನಮ್ಮ ಕಡೆಗೆ ತಿರುಗೋಣ. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯೊಬ್ಬರನ್ನು ಕುಂದಾಪುರದ ಕಡೆಗೆ ಒಯ್ಯುತ್ತಿದ್ದ ಆಂಬುಲೆನ್ಸ್ ಮಳೆಯಲ್ಲಿ ಶಿರೂರಿನ ಟೋಲ್ ಗೇಟಿನ ಬಳಿ ಜಾರಿ ಉರುಳಿತು, ನಾಲ್ವರು ತೀರಿಕೊಂಡರು. ದೊಡ್ಡ ಆಸ್ಪತ್ರೆ ನಮ್ಮ ಜಿಲ್ಲೆಯಲ್ಲಿಯೇ ಬೇಕೆಂದು ಜನ ಬೀದಿಗಿಳಿದರು. ಹಿಂದೆ ಎರಡು ಪಟ್ಟಿಗಳನ್ನು ಬೇರೆ ಮಾಡಿದ್ದ ಅದೇ ಶಿರೂರಿನ ಗಡಿಯನ್ನು ನಮ್ಮ ರೋಗಿಗಳು ಇಂದಿಗೂ ಜೀವ ಕೈಯಲ್ಲಿ ಹಿಡಿದು ದಾಟುತ್ತಿದ್ದಾರೆ; ನಮ್ಮ ನರ್ಸುಗಳು ಅದಕ್ಕಿಂತ ದೊಡ್ಡ ಗಡಿಗಳನ್ನು ದಾಟಿ ಹೋಗುತ್ತಿದ್ದಾರೆ. ಇದಕ್ಕಾಗಿ ಹುಡುಗಿಯರನ್ನು ದೂರುವುದು ತಕ್ಕುದಲ್ಲ. ಕಲಿಯಲು ಮಾಡಿದ ಸಾಲವೂ ತೀರದಂತಹ ಸಂಬಳ ಕೊಟ್ಟು, ಊರಿನ ಸೇವೆ ಮಾಡು ಎಂದು ಉಪದೇಶಿಸುವ ಹಕ್ಕು ಯಾರಿಗೂ ಇಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ 2025ರ ವರದಿಯ ಪ್ರಕಾರ 2023ರಲ್ಲಿ ಜಗತ್ತಿನಲ್ಲಿ 2 ಕೋಟಿ 98 ಲಕ್ಷ ನರ್ಸುಗಳಿದ್ದರು. ಇನ್ನೂ 58 ಲಕ್ಷ ಮಂದಿಯ ಕೊರತೆಯಿತ್ತು. ಪ್ರತಿ ಏಳು ನರ್ಸುಗಳಲ್ಲಿ ಒಬ್ಬರು ತಾವು ಹುಟ್ಟಿದ ದೇಶದಲ್ಲಿಲ್ಲ. ಬಡದೇಶಗಳನ್ನು ಬರಿದು ಮಾಡಿ ನರ್ಸುಗಳನ್ನು ಸೆಳೆಯಬಾರದೆಂಬ ನೀತಿಸಂಹಿತೆಯನ್ನು ಅದೇ ಸಂಸ್ಥೆ 2010ರಲ್ಲಿ ಅಂಗೀಕರಿಸಿತು. ಅದು ಕಾನೂನಲ್ಲ, ಒಪ್ಪಿಕೊಂಡ ಮಾತು ಮಾತ್ರ. ಕಾನೂನಿನ ಬಲ ಇಲ್ಲದ ಕಡೆ ನಮ್ಮ ಕೈಲಾದುದನ್ನು ನಾವೇ ಮಾಡಬೇಕು.

ಅದು ಬಹಳವೇನಲ್ಲ. ನರ್ಸಿಂಗ್ ಶಾಲೆಗಳು ಪ್ರತಿ ವಿದ್ಯಾರ್ಥಿನಿಯ ಪಾಠದ ತಾಸು, ವಾರ್ಡಿನ ತಾಸುಗಳ ಲೆಕ್ಕವನ್ನು ಭದ್ರವಾಗಿ ಇಡಲಿ. ಕೇಳಿದಾಗ ವಿಳಂಬವಿಲ್ಲದೆ ಕಳಿಸಲಿ. ಮಗಳನ್ನು ಶಾಲೆಗೆ ಸೇರಿಸುವ ದಿನವೇ ಅವಳ ಹೆಸರನ್ನು ಒಂದೇ ರೀತಿಯಲ್ಲಿ ಬರೆಸುವ ಎಚ್ಚರ ತಂದೆತಾಯಿಗಳಿಗೆ ಇರಲಿ. ಪರೀಕ್ಷೆಯ ವರ್ಷದಲ್ಲಿ ಅವಳಿಂದ ಹಣವನ್ನು ಎದುರುನೋಡದಿರಲಿ. 2023ರಲ್ಲಿ ನಮ್ಮ ಸಂಸತ್ತು ಹಳೆಯ ಪರಿಷತ್ತಿನ ಬದಲಿಗೆ ರಾಷ್ಟ್ರೀಯ ನರ್ಸಿಂಗ್ ಆಯೋಗವನ್ನು ಸ್ಥಾಪಿಸುವ ಕಾನೂನನ್ನು ಒಪ್ಪಿತು. ಅದರ ಫಲವಾಗಿ ನಮ್ಮ ಪ್ರಮಾಣಪತ್ರದ ಬೆಲೆ ಹೊರಗೂ ಒಳಗೂ ಏರಲಿ. ಹತ್ತು ವರ್ಷ ಹೊರಗಿದ್ದು ಹಿಂದಿರುಗುವ ನರ್ಸಿಗೆ ಇಲ್ಲಿಯ ಆಸ್ಪತ್ರೆಗಳು ಅವಳ ಅನುಭವಕ್ಕೆ ತಕ್ಕ ಸ್ಥಾನವನ್ನು ಕೊಡಲಿ. ಅಲ್ಲಿ ಅವಳನ್ನು ಹೊಸಬಳಂತೆ ಮೊದಲಿನಿಂದ ಪರೀಕ್ಷಿಸಿದರೆಂದು ನೊಂದುಕೊಳ್ಳುವ ನಾವು, ತಿರುಗಿ ಬಂದಾಗ ಇಲ್ಲಿಯೂ ಅವಳನ್ನು ಹೊಸಬಳಂತೆ ಕಾಣುವುದು ಸರಿಯಲ್ಲ.